ಕಾವಲಿಲ್ಲದ ಯಂತ್ರ

ಕೆಂಕೆರೆಯ ತೆಂಗಿನ ತೋಟದಲ್ಲಿ ಕಳೆ ಕೊಚ್ಚುವವನು ಕಪ್ಪೆಯನ್ನು ಕಂಡೊಡನೆ ಕೈಯ ಯಂತ್ರವನ್ನು ನಿಲ್ಲಿಸಬಲ್ಲನು. ಅಂಗಳದ ಹುಲ್ಲನ್ನು ತಾನಾಗಿಯೇ ಸವರುವ ರೋಬಾಟ್ ಯಂತ್ರದ ಗಮನಕ್ಕೆ ಆ ಸಣ್ಣ ಜೀವಿಯು ಬಾರದಿರಬಹುದು. ಯುರೋಪಿನಲ್ಲಿ ಹೆಡ್ಜ್‌ಹಾಗ್ ಎಂಬ ಮುಳ್ಳುಮೈಯ ಕಿರುಪ್ರಾಣಿಯುಂಟು. ಅಪಾಯ ಬಂದಾಗ ಅದು ಓಡದೆ ಮುದುಡಿ ಕೂರುತ್ತದೆ. ಪಾಪ, ಅಲಗಿಗೆ ಆ ಮುಳ್ಳು ಯಾವ ಲೆಕ್ಕ! ಜರ್ಮನಿಯ ಕಲೋನ್ ನಗರವು 2024ರಲ್ಲಿ ಈ ಯಂತ್ರಗಳ ರಾತ್ರಿಸಂಚಾರವನ್ನೇ ನಿಷೇಧಿಸಿತು.

ಶ್ರಾವಕನಿಗೆ ಆರಂಭೀ ಹಿಂಸೆ ಪೂರ್ಣವಾಗಿ ತಪ್ಪದು. ಆದರೆ ತತ್ತ್ವಾರ್ಥಸೂತ್ರವು ಹಿಂಸೆಯ ಮೂಲವನ್ನು ಪ್ರಮಾದದಲ್ಲಿ ತೋರಿಸಿದೆ. ಗುಂಡಿಯೊತ್ತಿ ಮಲಗಿದವನು ಕೃತದಿಂದ ಪಾರಾದೆನೆಂದುಕೊಂಡರೂ ಕಾರಿತ, ಅನುಮೋದನಗಳಿಂದ ಪಾರಾಗುವನೆ? ಹುಲ್ಲೂ ವನಸ್ಪತಿಕಾಯ ಜೀವವೇ. ಬರಿಯ ಅಂದಕ್ಕಾಗಿ ಅದನ್ನು ದಿನವೂ ಸವರಿಸುವುದು ಅನರ್ಥದಂಡಕ್ಕೆ ಸಲ್ಲುತ್ತದೆ. ಯಂತ್ರ ಬೇಕೇಬೇಕೆಂಬ ಗೃಹಸ್ಥರು ಹಗಲಿನಲ್ಲಿ ನೆಲವನ್ನು ನೋಡಿ, ಎದುರು ನಿಂತು ನಡೆಸಲಿ. ಜೀವರಾಶಿ ಹೆಚ್ಚುವ ಚಾತುರ್ಮಾಸದಲ್ಲಿ ಅದನ್ನು ಒಳಗಿರಿಸುವ ನಿಯಮವನ್ನು ಸ್ವೀಕರಿಸಲಿ.