ಜೀರ್ಣಕ್ಕೆ ನೂತನದ ಜೋಡಣೆ

ಲೋಕದಲ್ಲಿ ಯಾವ ಪದಾರ್ಥವೂ ಒಂಟಿಯಾಗಿ ಸವೆಯುವುದಿಲ್ಲ. ಬೀಸುವ ಕಲ್ಲಿನ ಮೇಲ್ಭಾಗವು ಸವೆದಂತೆ ಕೆಳಭಾಗವೂ ಸವೆಯುವುದು. ಗಾಡಿಯ ಅಚ್ಚು ಸವೆದಂತೆ ಚಕ್ರದ ನಡುವಣ ರಂಧ್ರವೂ ಸವೆಯುವುದು. ಹೀಗೆ ಒಡನಾಡಿ ಸವೆದ ಎರಡರಲ್ಲಿ ಒಂದು ಕೆಟ್ಟು, ಅದರ ಸ್ಥಾನಕ್ಕೆ ಹೊಸದು ಬಂದಾಗ, ಉಳಿದ ಹಳೆಯದಕ್ಕೆ ಹೊಸದನ್ನು ಹೊಂದಿಸತಕ್ಕದ್ದೋ, ಹೊಸದಕ್ಕಾಗಿ ಹಳೆಯದನ್ನು ತ್ಯಜಿಸತಕ್ಕದ್ದೋ ಎಂಬ ಸಂಶಯವು ಹುಟ್ಟುವುದು. ಮಿತವ್ಯಯವು ಎಲ್ಲಿ ಮುಗಿದು ಲೋಭವು ಎಲ್ಲಿ ಆರಂಭವಾಗುವುದೆಂಬ ಧರ್ಮವಿಚಾರವು ಈ ಸಂಶಯದೊಳಗೆ ಅಡಗಿರುವುದರಿಂದ, ಇದು ವಿವೇಕಿಗಳಿಗೆ ವಿಚಾರಾರ್ಹವಾಗಿದೆ. ಮರ ಕೊಯ್ಯುವ ಸರಪಳಿ ಗರಗಸವು ಇದಕ್ಕೆ ಉತ್ತಮವಾದ ದೃಷ್ಟಾಂತವು.

ಕಾಫಿ ತೋಟಗಳ ನೆರಳುಮರಗಳನ್ನು ಸವರುವುದಕ್ಕೂ, ಮಳೆಗಾಲದಲ್ಲಿ ದಾರಿಗೆ ಉರುಳಿದ ಮರಗಳನ್ನು ತುಂಡರಿಸುವುದಕ್ಕೂ ಈ ಯಂತ್ರವನ್ನು ಬಳಸುವ ಮಲೆನಾಡಿಗರಿಗೆ ಇದರ ಪರಿಚಯವುಂಟು. ಇದರ ಜನ್ಮಭೂಮಿಯಾದರೋ ದೂರದ್ದು. ಜರ್ಮನಿಯಲ್ಲಿ ಆಂಡ್ರಿಯಾಸ್ ಸ್ಟೀಲ್ ಎಂಬಾತನು 1926ರಲ್ಲಿ ವಿದ್ಯುತ್ತಿನಿಂದ ನಡೆಯುವ ಸರಪಳಿ ಗರಗಸವನ್ನೂ, ಎಮಿಲ್ ಲೆರ್ಪ್ ಎಂಬಾತನು 1927ರಲ್ಲಿ ಪೆಟ್ರೋಲಿನಿಂದ ನಡೆಯುವುದನ್ನೂ ನಿರ್ಮಿಸಿದರು. ಅಮೆರಿಕದ ಆರೆಗಾನ್ ಪ್ರಾಂತದಲ್ಲಿ ಜೋಸೆಫ್ ಕಾಕ್ಸ್ ಎಂಬ ಮರ ಕಡಿಯುವವನು 1946ರಲ್ಲಿ, ದುಂಬಿಯ ಮರಿಹುಳುವೊಂದು ಮರದ ನಾರಿನ ಉದ್ದಕ್ಕೂ ಅಡ್ಡಕ್ಕೂ ನಿರಾಯಾಸವಾಗಿ ಕೊರೆಯುವುದನ್ನು ಕಂಡು, ಅದರ ದವಡೆಗಳಂತೆಯೇ ಸರಪಳಿಯ ಹಲ್ಲುಗಳನ್ನು ರೂಪಿಸಿದನು. 1947ರಲ್ಲಿ ಮಾರಾಟಕ್ಕೆ ಬಂದ ಆ ಮಾದರಿಯಿಂದಲೇ ಇಂದಿನ ಸರಪಳಿಗಳು ಬೆಳೆದು ಬಂದಿವೆ.

ಈ ಯಂತ್ರದಲ್ಲಿ ಬಾರ್ ಎಂಬ ಉಕ್ಕಿನ ಚಪ್ಪಟೆ ಪಟ್ಟಿಯಿದೆ. ಅದರ ಅಂಚಿನಲ್ಲಿ ಸುತ್ತಲೂ ಒಂದು ತೋಡು. ತೋಡಿಗೆ ಎರಡು ದಡಗಳು. ಸರಪಳಿಯ ಒಳಕೊಂಡಿಗಳ ನಾಲಗೆಗಳು ಈ ತೋಡಿನಲ್ಲಿ ಇಳಿದು ಓಡುವುವು. ಆ ನಾಲಗೆಗಳ ದಪ್ಪವು 0.050 ಅಂಗುಲ, 0.058 ಅಂಗುಲ, 0.063 ಅಂಗುಲ ಎಂದು ಬೇರೆ ಬೇರೆಯಾಗಿರುವುದು. ಮಿಲಿಮೀಟರುಗಳಲ್ಲಿ ಹೇಳುವುದಾದರೆ ಕ್ರಮವಾಗಿ 1.3, 1.5, 1.6. ತೋಡಿನ ಅಗಲವೂ ನಾಲಗೆಯ ದಪ್ಪವೂ ಒಂದಕ್ಕೊಂದು ಸರಿಹೊಂದಿರಬೇಕು. ಕುರುಡನ ಹೆಗಲೇರಿದ ಹೆಳವನ ದೃಷ್ಟಾಂತವನ್ನು ಸಾಂಖ್ಯರು ಹೇಳುವರಷ್ಟೆ. ಇಲ್ಲಿಯೂ ಅಂತೆಯೇ: ಬಾರ್ ತಾನಾಗಿ ಕೊಯ್ಯಲಾರದು, ಸರಪಳಿ ತಾನಾಗಿ ನೆಟ್ಟಗೆ ನಡೆಯಲಾರದು.

ಸೆಕೆಂಡಿಗೆ ಸುಮಾರು 20 ಮೀಟರು ವೇಗದಿಂದ ಓಡುವ ಸರಪಳಿಯು ಕಾಲಕ್ರಮದಲ್ಲಿ ದಡಗಳನ್ನು ಸವೆಯಿಸುವುದು. ತೋಡು ಬಾಯಿಬಿಟ್ಟು ಅಗಲವಾಗುವುದು, ಸರಪಳಿಯು ಅದರಲ್ಲಿ ಪಕ್ಕಕ್ಕೆ ವಾಲುವುದು, ಕೊಯ್ತವು ಡೊಂಕಾಗುವುದು. ಸಮತಟ್ಟಾದ ಅಳತೆಪಟ್ಟಿಯೊಂದನ್ನು ಹಲ್ಲಿನ ಪಕ್ಕಕ್ಕೂ ಬಾರಿನ ಮೈಗೂ ತಾಗಿಸಿಟ್ಟು ನೋಡಿದರೆ, ಬಾರಿಗೂ ಪಟ್ಟಿಗೂ ನಡುವೆ ಕಿರುಸಂದು ಉಳಿಯಬೇಕು. ಸರಪಳಿ ವಾಲಿ ಆ ಸಂದು ಇಲ್ಲದಾಗಿದ್ದರೆ ತೋಡು ಸವೆದಿದೆಯೆಂದೇ ಅರ್ಥ. ಒಂದು ಪಕ್ಕದ ಹಲ್ಲುಗಳು ಗಿಡ್ಡವಾಗಿದ್ದರೂ ಕೊಯ್ತವು ಡೊಂಕಾಗುವುದುಂಟು. ಆದುದರಿಂದ ದೋಷವು ಯಾರದೆಂದು ಪರೀಕ್ಷಿಸದೆ ಬಾರನ್ನು ನಿಂದಿಸುವುದು ನ್ಯಾಯವಲ್ಲ.

ಇಲ್ಲಿ ಎರಡು ಪಕ್ಷಗಳು ಏಳುವುವು. ಸವೆದುದನ್ನು ಒಡನೆಯೇ ಎಸೆದು ಎಲ್ಲವನ್ನೂ ಹೊಸದಾಗಿ ಕೊಳ್ಳಬೇಕೆಂಬುದು ಮೊದಲನೆಯದು. ತೋಡು ಅಗಲವಾದರೆ ದಪ್ಪನಾಲಗೆಯ ಸರಪಳಿಯನ್ನು ತೊಡಿಸಿದರಾಯಿತೆಂಬುದು ಎರಡನೆಯದು. 1.3ರ ತೋಡು ಸವೆದು 1.5 ಆಗಿದ್ದರೆ, 1.5ರ ಸರಪಳಿಯು ಅದರಲ್ಲಿ ವಾಲದೆ ನಿಲ್ಲುವುದಲ್ಲವೆ? ಬಾರಿನ ಬೆಲೆಯೂ ಉಳಿಯುವುದಲ್ಲವೆ? ಎಂದು ಇವರ ವಾದ.

ಮೊದಲನೆಯ ಪಕ್ಷವು ಉಪೇಕ್ಷೆಗೆ ಎಡೆಗೊಡುವುದು. ಬಿಸಾಡಬಹುದೆಂದು ಮೊದಲೇ ಬಗೆದವನು ಕಾಪಾಡುವ ಶ್ರಮವನ್ನು ವಹಿಸನು. ಎರಡನೆಯ ಪಕ್ಷವು ಮೇಲುನೋಟಕ್ಕೆ ರಮ್ಯವಾದರೂ, ಸವೆತವು ಎಲ್ಲೆಡೆಯೂ ಸಮವಾಗಿದೆಯೆಂಬ ಊಹೆಯ ಮೇಲೆ ನಿಂತಿದೆ. ವಾಸ್ತವದಲ್ಲಿ ತೋಡು ಬಾಯಲ್ಲಿ ಹೆಚ್ಚು, ತಳದಲ್ಲಿ ಕಡಿಮೆ ಸವೆಯುವುದು. ಹೆಚ್ಚು ಕೆಲಸ ಮಾಡಿದ ಕಡೆ ಹೆಚ್ಚು, ಉಳಿದ ಕಡೆ ಕಡಿಮೆ. ದಪ್ಪನಾಲಗೆಯು ಒಂದೆಡೆ ಸಲೀಸಾಗಿ ಓಡಿ ಇನ್ನೊಂದೆಡೆ ಸಿಕ್ಕಿಕೊಂಡು ಕಾಯುವುದು. ಬಾರಿನ ಮೂತಿಯಲ್ಲಿರುವ ಹಲ್ಲುಚಕ್ರವೂ ಆ ದಪ್ಪಕ್ಕೆ ಎಡೆಗೊಡಬೇಕು. ದಡಗಳು ತಗ್ಗಿ ನಾಲಗೆಯು ತೋಡಿನ ತಳಕ್ಕೇ ತಾಗುವಂತಾಗಿದ್ದರಂತೂ ದಪ್ಪದಿಂದ ಯಾವ ಪರಿಹಾರವೂ ಇಲ್ಲ. ಆಗ ತ್ಯಾಗವೇ ಗತಿ.

ಇನ್ನೊಂದು ಸೂಕ್ಷ್ಮವಿದೆ. ಬಾರಿನ ಮೈಮೇಲೆ ಅದರ ಅಳತೆಯು ಅಚ್ಚೊತ್ತಿರುವುದು. 1.5ರ ಸರಪಳಿಯನ್ನು ಹೊತ್ತ ಬಾರಿನ ಮೇಲೆಯೂ 1.3 ಎಂಬ ಅಂಕವೇ ಉಳಿಯುವುದು. ಒಡೆಯನಿಗೆ ಅದರ ಗುಟ್ಟು ತಿಳಿದಿದೆ. ನಾಳೆ ಆ ಯಂತ್ರವನ್ನು ಹಿಡಿಯುವ ಕೂಲಿಯವನಿಗೆ ತಿಳಿಯದು. ಅವನು ಅಂಕವನ್ನು ನಂಬಿ 1.3ರ ಸರಪಳಿಯನ್ನು ತೊಡಿಸುವನು. ಅದು ವಾಲಿ ಓಡುವುದು. ಬಾರ್ ಕೊಯ್ತದಲ್ಲಿ ಸಿಕ್ಕಿಕೊಳ್ಳುವುದು. ತೋಡು ತಪ್ಪಿದ ಸರಪಳಿಯು ಅವನ ಕೈಯತ್ತ ಚಿಮ್ಮಲೂಬಹುದು. ಉಳಿದ ಹಣವು ಒಡೆಯನ ಪೆಟ್ಟಿಗೆಗೆ, ಒದಗಿದ ಅಪಾಯವು ಆಳಿನ ಮೈಗೆ. ತನ್ನ ಹಾಸಿಗೆಯನ್ನು ನೋಡಿ ತನ್ನ ಕಾಲನ್ನು ಚಾಚುವುದು ಮಿತವ್ಯಯ. ತನ್ನ ಹಾಸಿಗೆ ಕಿರಿದೆಂದು ಪರರ ಕಾಲನ್ನು ಕತ್ತರಿಸುವುದು ಲೋಭ.

ಹಾಗಾದರೆ ಒಂದೇ ಯಂತ್ರದಿಂದ ಹೊಟ್ಟೆಹೊರೆಯುವ ಬಡವನು ಏನು ಮಾಡಬೇಕು? ಮಿತವ್ಯಯಕ್ಕೆ ತಕ್ಕ ಕಾಲವು ಸವೆತದ ಕೊನೆಯಲ್ಲ, ಅದರ ಆರಂಭವು. ಹಲ್ಲನ್ನು ಹರಿತಮಾಡಿದಾಗಲೆಲ್ಲ ಬಾರನ್ನು ಮೇಲುಕೆಳಗು ಮಾಡಿ ತೊಡಿಸಿದರೆ ಎರಡು ಅಂಚುಗಳೂ ಸಮವಾಗಿ ಸವೆಯುವುವು. ತೋಡಿನ ಹೊಟ್ಟನ್ನು ತೆಗೆದು, ಎಣ್ಣೆಯ ರಂಧ್ರವನ್ನು ತೆರವಾಗಿಟ್ಟು, ದಡದ ಅಂಚಿನಲ್ಲೆದ್ದ ಮುಳ್ಳುಗಳನ್ನು ಚಪ್ಪಟೆ ಅರದಿಂದ ಉಜ್ಜಿದರೆ ಬಾರಿನ ಆಯುಸ್ಸು ಬೆಳೆಯುವುದು. ಅನುಭವಸ್ಥರು ಎರಡು ಮೂರು ಸರಪಳಿಗಳನ್ನು ಸರದಿಯಿಂದ ಬಳಸಿ, ಅವುಗಳನ್ನು ಎಳೆಯುವ ಹಲ್ಲುಚಕ್ರದೊಡನೆ ಅವೆಲ್ಲವೂ ಒಟ್ಟಿಗೆ ಮುಪ್ಪಾಗುವಂತೆ ನೋಡಿಕೊಳ್ಳುವರು. ಮುಪ್ಪನ್ನು ಹಂಚಿಕೊಂಡವುಗಳಲ್ಲಿ ವಿರೋಧವು ಕಡಿಮೆ.

ಆದುದರಿಂದ ನಿರ್ಣಯವು ಹೀಗಾಗುವುದು. ಜೀರ್ಣಕ್ಕೆ ನೂತನವನ್ನು ಹೊಂದಿಸುವುದು ತನ್ನಷ್ಟಕ್ಕೆ ದೋಷವೂ ಅಲ್ಲ, ಗುಣವೂ ಅಲ್ಲ. ಸವೆತವನ್ನು ಮೊದಲಿಂದ ಕೊನೆಯವರೆಗೆ ಅಳೆದು ನೋಡಿರಬೇಕು. ಮಾಡಿದ ಹೊಂದಿಕೆಯನ್ನು ಮರೆಮಾಚದೆ ಹಳೆಯ ಅಂಕವನ್ನು ಹೊಡೆದು ಹೊಸದನ್ನು ಬರೆದಿರಬೇಕು. ಅಪಾಯವನ್ನು ಹೊರುವವನು ಅದನ್ನು ತಿಳಿದು ಒಪ್ಪಿರಬೇಕು. ಈ ಮೂರೂ ಕೂಡಿದಲ್ಲಿ ಅದು ವಿವೇಕವು. ಒಂದು ತಪ್ಪಿದರೂ ವಂಚನೆಯು. ಮನೆಯಲ್ಲಿಯೂ ಸಭೆಯಲ್ಲಿಯೂ ಹಳಬರ ಲೋಪಕ್ಕೆ ಹೊಸಬರನ್ನು ಮೌನವಾಗಿ ಬಗ್ಗಿಸಿ, ಅದಕ್ಕೆ ಹೊಂದಾಣಿಕೆಯೆಂಬ ಹೆಸರನ್ನಿಡುವವರು ಇದನ್ನು ಆಲೋಚಿಸತಕ್ಕದ್ದು. ಸವೆದ ಬಾರಿಗೆ ನಾಚಿಕೆಯಿಲ್ಲ, ಅದು ದುಡಿದು ಸವೆದಿದೆ. ಸವೆದಿಲ್ಲವೆಂದು ಹೇಳಿ ಅದನ್ನು ಇನ್ನೊಬ್ಬನ ಕೈಗೆ ಕೊಡುವವನಿಗೆ ನಾಚಿಕೆಯಿರಬೇಕು.