ಪಾದಕ್ಕೆ ಬುದ್ಧಿ ಹೇಳುವುದು ಹೇಗೆ?

ರೇಸ್ ಟ್ರ್ಯಾಕಿನಲ್ಲಿ ಡ್ರೈವಿಂಗ್ ಕಲಿಸುವವರಿಗೆ ಹೆಚ್ಚು ಕಷ್ಟ ಕೊಡುವ ಶಿಷ್ಯ ಹೊಸಬನಲ್ಲ. ಇಪ್ಪತ್ತು ವರ್ಷ ಕಾರಿಗೆ ಒಂದು ಗೀರೂ ಬೀಳದಂತೆ ಓಡಿಸಿಕೊಂಡು ಬಂದವನು. ಬೆಂಗಳೂರಿನ ಕಾರುಪ್ರಿಯರು ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೋ ಚೆನ್ನೈ ಬಳಿಯ ಇರುಂಗಾಟ್ಟುಕೋಟೈ ಟ್ರ್ಯಾಕಿಗೋ ಹೊರಟಾಗ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ಕನ್ನೂ ಜೊತೆಗೆ ಕಟ್ಟಿಕೊಂಡೇ ಹೋಗುತ್ತಾರೆ. ಕಣ್ಣು ಮೂಗಿನ ಮುಂದಿನ ಡಾಂಬರು ಬಿಟ್ಟು ಆಚೆ ಹೋಗದು, ಎಡಗೈ ಗೇರನ್ನು ಬಿಡದು, ಬಲಗಾಲಿಗೆ ಬ್ರೇಕಿನದೇ ಧ್ಯಾನ.

ತಿರುವಿನ ನಡುವೆ ವೇಗ ಜಾಸ್ತಿಯಾಯಿತು ಅನ್ನಿಸಿದ ಕೂಡಲೇ ಆಕ್ಸಿಲರೇಟರಿನಿಂದ ಕಾಲು ಪಟ್ಟನೆ ಮೇಲೇಳುತ್ತದೆ. ಊರಿನ ರಸ್ತೆಯಲ್ಲಿ ಎಷ್ಟೋ ಸಲ ಜೀವ ಉಳಿಸಿದ ಚಲನೆ ಅದು. ಟ್ರ್ಯಾಕಿನಲ್ಲಿ ಮಾತ್ರ ಭಾರವೆಲ್ಲ ಮುಂದಿನ ಚಕ್ರಗಳ ಮೇಲೆ ಬಿದ್ದು, ಹಿಂದಿನ ಟೈರುಗಳು ಹಗುರಾಗಿ ಹಿಡಿತ ಬಿಟ್ಟು, ಕಾರು ಗಿರ್ರನೆ ತಿರುಗಿಬಿಡಬಹುದು. ಎಂಜಿನ್ ಹಿಂದಿರುವ ಹಳೆಯ ಪೋರ್ಷೆ 911 ಇದಕ್ಕೇ ಕುಖ್ಯಾತವಾಗಿತ್ತು. ಶಿಷ್ಯನಿಗೆ ಇದೆಲ್ಲ ಗೊತ್ತಿಲ್ಲವೆಂದಲ್ಲ. ಪಿಟ್‌ನಲ್ಲಿ ಕೇಳಿದರೆ ಭಾರ ಎಲ್ಲಿಂದ ಎಲ್ಲಿಗೆ ಸರಿಯುತ್ತದೆಂದು ಚಿತ್ರ ಬರೆದೇ ತೋರಿಸುತ್ತಾನೆ. ಮುಂದಿನ ಸುತ್ತಿನಲ್ಲಿ, ಅದೇ ತಿರುವಿನಲ್ಲಿ, ಮತ್ತೆ ಕಾಲೆತ್ತುತ್ತಾನೆ.

ಬ್ರಿಟಿಷ್ ತತ್ತ್ವಜ್ಞಾನಿ ಗಿಲ್ಬರ್ಟ್ ರೈಲ್ 1949ರಲ್ಲಿ, ಒಂದು ಸಂಗತಿಯನ್ನು ತಿಳಿದಿರುವುದು ಬೇರೆ, ಕೆಲಸವೊಂದು ಕೈಗೆ ಬರುವುದು ಬೇರೆ ಎಂದು ವಾದಿಸಿದ. ನಮ್ಮ ಶಿಷ್ಯನ ಪಾಡಿಗೆ ಆ ಮಾತು ಸರಿಯಾಗಿ ಹೊಂದುತ್ತದೆ. ಆದರೆ ರೈಲ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ ಅಭ್ಯಾಸಬಲವನ್ನೂ ಕೌಶಲವನ್ನೂ ಬೇರ್ಪಡಿಸಿದ: ಒಂದು ಕುರುಡು ಪುನರಾವರ್ತನೆ, ಇನ್ನೊಂದು ಪ್ರತಿ ಸಲವೂ ಹಿಂದಿನದರಿಂದ ಕಲಿಯುತ್ತ ಹೋಗುವಂಥದ್ದು. ಇದನ್ನು ನಾನು ಪೂರ್ತಿ ಒಪ್ಪಲಾರೆ. ಗಂಟೆಗೆ 100 ಕಿ.ಮೀ. ವೇಗದಲ್ಲಿ ಕಾರು ಸೆಕೆಂಡಿಗೆ ಸುಮಾರು 28 ಮೀಟರ್ ದಾಟುತ್ತದೆ. ಆ ಹೊತ್ತಿನಲ್ಲಿ ಯೋಚನೆ ಮಾಡುತ್ತ ಕೂತವನು ತಿರುವನ್ನು ತಪ್ಪಿಸಿಕೊಂಡಿರುತ್ತಾನೆ. ನುರಿತ ಚಾಲಕನ ಬುದ್ಧಿವಂತಿಕೆಯ ತಳದಲ್ಲಿ ಇರುವುದೂ ಕುರುಡು ಅಭ್ಯಾಸವೇ. ಅದು ಆ ಜಾಗಕ್ಕೆ ಒಗ್ಗುವ ಅಭ್ಯಾಸ, ಅಷ್ಟೆ.

ಹಳೆಯ ಚಾಳಿಯನ್ನು ಬರಿಯ ದೋಷವೆಂದು ನೋಡುವುದು ಇಲ್ಲಿಯೇ ಎಡವುತ್ತದೆ. ಅಂಬಾಸಡರ್, ಮಾರುತಿ 800 ಕಾಲದಲ್ಲಿ ಕಲಿತವರಿಗೆ ಮಳೆಯಲ್ಲಿ ಬ್ರೇಕನ್ನು ಒತ್ತಿ ಬಿಟ್ಟು, ಒತ್ತಿ ಬಿಟ್ಟು ನಿಲ್ಲಿಸಿ ಎಂದೇ ಹೇಳಿಕೊಡುತ್ತಿದ್ದರು. ಚಕ್ರ ಲಾಕ್ ಆಗದಿರಲು ಅದೇ ಸರಿಯಾದ ಉಪಾಯ. 2019ರ ಏಪ್ರಿಲ್‌ನಿಂದ ಇಲ್ಲಿನ ಎಲ್ಲ ಹೊಸ ಕಾರುಗಳಿಗೂ, ಚಕ್ರ ಲಾಕ್ ಆಗದಂತೆ ತಾನೇ ನೋಡಿಕೊಳ್ಳುವ ಎಬಿಎಸ್ ಕಡ್ಡಾಯವಾಗಿದೆ. ಈಗ ಪೂರ್ತಿ ಒತ್ತಿ ಹಿಡಿದೇ ಇರಬೇಕು. ಆ ಪಾದ ಮಾಡಿದ ತಪ್ಪಾದರೂ ಏನು? ಈಗಿಲ್ಲದ ಯಂತ್ರವೊಂದಕ್ಕೆ ನಿಷ್ಠೆಯಿಂದ ಉಳಿದುಕೊಂಡಿದೆ.

ಅಭ್ಯಾಸವನ್ನು ಮುರಿಯುತ್ತೇವೆ ಎನ್ನುವುದು ಸುಮ್ಮನೆ ಮಾತು. ರಷ್ಯದ ವಿಜ್ಞಾನಿ ಪಾವ್ಲೋವ್ ತನ್ನ ನಾಯಿಗಳಲ್ಲಿ ಇದನ್ನು ಕಂಡಿದ್ದ. ಸದ್ದಾದರೆ ಊಟ ಎಂದು ರೂಢಿಯಾದ ನಾಯಿಗೆ ಪದೇ ಪದೇ ಸದ್ದು ಕೇಳಿಸಿಯೂ ಊಟ ಕೊಡದೇ ಹೋದರೆ ಜೊಲ್ಲು ಸುರಿಯುವುದು ನಿಲ್ಲುತ್ತದೆ. ಒಂದಷ್ಟು ಹೊತ್ತು ಬಿಟ್ಟು ಮತ್ತೆ ಕೇಳಿಸಿದರೆ ಜೊಲ್ಲು ಮರಳಿ ಬರುತ್ತದೆ. ಹಳೆಯ ಪಾಠ ಅಳಿಸಿಹೋಗಿರಲಿಲ್ಲ, ಮೇಲೆ ಇನ್ನೊಂದು ಪಾಠ ಬಿದ್ದಿತ್ತು. ದಣಿವಿನಲ್ಲಿ, ಗಾಬರಿಯಲ್ಲಿ ಕೆಳಗಿನದು ಮೇಲೇಳುತ್ತದೆ. ಬೆಳಗಿನ ಸುತ್ತುಗಳಲ್ಲಿ ಚೆನ್ನಾಗಿ ಓಡಿಸಿದವನು ಸಂಜೆ ಹೊತ್ತಿಗೆ ಮತ್ತೆ ಕಾಲೆತ್ತಿದರೆ ಕೋಚ್ ಬೇಸರಿಸಬೇಕಾದ್ದಿಲ್ಲ.

ಹಾಗಾದರೆ ಕೋಚ್‌ಗೆ ಉಳಿಯುವ ಕೆಲಸವೇನು? ಪಳಗಿದ ಕೋಚ್ ಪಾದದ ಸುದ್ದಿಯನ್ನೇ ಎತ್ತುವುದಿಲ್ಲ, ಕಣ್ಣನ್ನು ಹಿಡಿಯುತ್ತಾನೆ. ನೋಟ ತಿರುವಿನ ಹೊರದಾರಿಯಷ್ಟು ದೂರ ಹೋದರೆ ವೇಗ ತಗ್ಗಿದಂತೆ ಅನ್ನಿಸುತ್ತದೆ. ಕಾಲೆತ್ತಿಸುವ ದಿಗಿಲು ಹುಟ್ಟುವುದೇ ಕಡಿಮೆ. ಕೈಗಳೂ ಕಣ್ಣು ಹೋದತ್ತಲೇ ಹೋಗುತ್ತವೆ. ತಡೆಗೋಡೆಯನ್ನೇ ದಿಟ್ಟಿಸಿದವನು ತಡೆಗೋಡೆಯತ್ತಲೇ ಸಾಗುವುದು ಟ್ರ್ಯಾಕಿನವರಿಗೆಲ್ಲ ಗೊತ್ತಿರುವ ಸಂಗತಿ. ಪಕ್ಕದ ಸೀಟಿನಿಂದ ‘ಬ್ರೇಕ್ ಹಾಕಬೇಡಿ’ ಎಂದು ಕೂಗುವುದಂತೂ ಅಪಾಯ. ಹೆಲ್ಮೆಟ್ಟಿನೊಳಗೆ, ಎಂಜಿನ್ನಿನ ಗದ್ದಲದಲ್ಲಿ, ‘ಬ್ರೇಕ್’ ಮಾತ್ರ ಕಿವಿಗೆ ಬಿದ್ದಿರುತ್ತದೆ. ಏನು ಮಾಡಬೇಕೋ ಅಷ್ಟನ್ನೇ ಹೇಳಬೇಕು: ‘ದೂರ ನೋಡಿ’. ವೇಗವನ್ನೂ ಇಳಿಸಬೇಕು. ಬೇರೆ ಗುರುಗಳ ಬಳಿ ಕಲಿತು ಬಂದವರನ್ನು ಸಂಗೀತದ ಮೇಷ್ಟ್ರು ಮತ್ತೆ ಸರಳೆ ವರಸೆಗೆ, ಅದೂ ಮೊದಲ ಕಾಲಕ್ಕೆ ಕೂರಿಸುವುದು ಇದೇ ಕಾರಣಕ್ಕೆ. ನಿಧಾನದಲ್ಲಿ ದಿಗಿಲಿಲ್ಲ, ದಿಗಿಲಿಲ್ಲದ ಕಡೆ ಹಳೆಯದು ತಲೆಯೆತ್ತುವುದಕ್ಕೂ ಕಾರಣವಿಲ್ಲ. ಕಾಸು ಕೊಟ್ಟು ಬಂದವನಿಗೆ ಇದು ರುಚಿಸುವುದಿಲ್ಲ ಬಿಡಿ.

ಇಷ್ಟೆಲ್ಲ ಗೆದ್ದ ಮೇಲೂ ನನ್ನದೊಂದು ತಕರಾರಿದೆ. ನಾರ್ವೆಯಲ್ಲಿ ಹೊಸ ಚಾಲಕರಿಗೆ ಜಾರು ರಸ್ತೆಯ ತರಬೇತಿ ಕಡ್ಡಾಯ ಮಾಡಿದಾಗ, ಅದನ್ನು ಪಡೆದ ಯುವಕರು ಜಾರು ರಸ್ತೆಗಳಲ್ಲಿ ಅಪಘಾತಕ್ಕೀಡಾಗುವುದು ಹೆಚ್ಚಾಯಿತೆಂದು 1980ರ ದಶಕದ ಅಧ್ಯಯನ ಕಂಡುಕೊಂಡಿತು. ಕೌಶಲಕ್ಕಿಂತ ಜಾಸ್ತಿ ಧೈರ್ಯ ಬಂದಿತ್ತೆಂಬುದು ಅದಕ್ಕೆ ಸಾಮಾನ್ಯವಾಗಿ ಕೊಡುವ ವಿವರಣೆ. ಹೆದರುವ ಪಾದವನ್ನು ಟ್ರ್ಯಾಕಿನಲ್ಲಿ ಪಳಗಿಸಿದ ಕೋಚ್, ಅದೇ ಪಾದ ರಾತ್ರಿ ಸೇಲಂ ಹೆದ್ದಾರಿಯಲ್ಲಿ, ಹಿಂದಿನ ದೀಪವಿಲ್ಲದ ಲಾರಿಗಳ ನಡುವೆ ಬೆಂಗಳೂರಿಗೆ ಮರಳಬೇಕೆಂಬುದನ್ನು ನೆನಪಿಟ್ಟಿರಬೇಕು. ಅಲ್ಲಿ ಬೇಕಾದದ್ದು ಹಳೆಯ ಅಂಜಿಕೆಯೇ. ಹಾಗಾಗಿ ಟ್ರ್ಯಾಕ್ ದಿನದ ಕೊನೆಯ ಪಾಠ ಅತಿ ವೇಗದ ಸುತ್ತಾಗಿರಬಾರದು ಎನ್ನುತ್ತೇನೆ. ಗಂಟೆಗೆ 60 ಕಿ.ಮೀ.ನಲ್ಲಿ, ಮುಂದಿನ ಕಾರಿನಿಂದ ಅಂತರ ಕಾಯ್ದುಕೊಂಡು ಹಾಕುವ ನಾಲ್ಕಾರು ಸುತ್ತುಗಳಾಗಲಿ. ಆಗಲೂ ಕೋಚ್ ಪಕ್ಕದ ಸೀಟಿನಲ್ಲೇ ಕೂತಿರಲಿ. ಆ ಸುತ್ತುಗಳಿಗೆ ಟೈಮಿಂಗ್ ಶೀಟಿನಲ್ಲಿ ಜಾಗ ಸಿಗಲಾರದು, ಶಿಷ್ಯನೂ ಗೊಣಗಬಹುದು.