‘ನಾಲ್ಕು ಜನ ಹೇಳಿದರು’

“ಬೆಂಕಿಯಿಲ್ಲದೆ ಹೊಗೆಯಾಡುತ್ತದೆಯೇ ಫಾದರ್?” ಮನೆಭೇಟಿಗೆ ಹೋದಾಗ ಗುರುಗಳಾದ ನಾವು ಆಗಾಗ ಕೇಳುವ ಮಾತಿದು. ಯಾರದೋ ಮಗಳು, ಯಾರದೋ ಸೊಸೆ, ಯಾವುದೋ ಸಂಘದ ಲೆಕ್ಕಪತ್ರ. ವಿಷಯ ಬದಲಾಗುತ್ತದೆ, ಗಾದೆ ಬದಲಾಗುವುದಿಲ್ಲ. ಆಧಾರವೇನೆಂದು ಕೇಳಿದರೆ “ನಾಲ್ಕು ಜನ ಹೇಳಿದರು” ಎಂಬ ಉತ್ತರ ಸಿದ್ಧವಾಗಿರುತ್ತದೆ. ಆದರೆ ನಮ್ಮ ಹಿರಿಯರು ಮತ್ತೊಂದು ಗಾದೆಯನ್ನೂ ಬಿಟ್ಟುಹೋಗಿದ್ದಾರೆ: ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು. ಇದನ್ನು ಮಾತ್ರ ಯಾರೂ ನೆನಪಿಸುವುದಿಲ್ಲ!

ಹಾಗಾದರೆ ಆಡುವ ಪ್ರತಿ ಮಾತಿಗೂ ಪುರಾವೆ ಬೇಕೇ? ಬೇಕೆಂದರೆ ಸಂಸಾರ ನಡೆಯದು. ಹೆಂಡತಿ ತಲೆನೋವೆಂದರೆ ಗಂಡ ಡಾಕ್ಟರ ಚೀಟಿ ಕೇಳುವುದಿಲ್ಲ. ನಮ್ಮ ತಂದೆತಾಯಿ ಇವರೇ ಎಂಬುದನ್ನೂ ನಾವು ಇತರರ ಮಾತಿನ ಮೇಲೆ ನಂಬಿದ್ದೇವೆ ಎಂಬುದು ಸಂತ ಅಗಸ್ಟೀನರಿಗೆ ಹೊಳೆದಿತ್ತು. ತಮ್ಮ ಆತ್ಮನಿವೇದನೆಯ ಗ್ರಂಥದಲ್ಲಿ ಅವರು ಇದನ್ನು ಬರೆದಿದ್ದಾರೆ. ನಂಬಿಕೆಯಿಲ್ಲದೆ ಒಂದು ದಿನವೂ ಬದುಕಲಾಗದು.

ಆದರೆ ಮಾತಿನ ಬೆಲೆಯನ್ನು ಯಾರು ತೆರುತ್ತಾರೆ ಎಂಬುದನ್ನು ನೋಡಬೇಕು. “ಮೀನು ಅಗ್ಗವಾಗಿದೆ” ಎಂದದ್ದು ಸುಳ್ಳಾದರೆ ಪೇಟೆಗೆ ಒಂದು ನಡಿಗೆ ದಂಡ. “ಆ ಹುಡುಗಿಯ ನಡತೆ ಸರಿಯಿಲ್ಲ” ಎಂದದ್ದು ಸುಳ್ಳಾದರೆ ದಂಡ ತೆರುವವಳು ಅವಳು, ಆಡಿದವರಲ್ಲ. ಬೇರೆಯವರ ಮಾನ ಎಷ್ಟು ಪಣಕ್ಕೆ ಬೀಳುತ್ತದೋ ಅಷ್ಟು ಗಟ್ಟಿಯಾದ ಆಧಾರ ಬೇಕು. ಅದನ್ನು ಒದಗಿಸಬೇಕಾದವರು ಆಪಾದನೆ ಹೊರಿಸುವವರೇ ಹೊರತು, “ತಪ್ಪಿಲ್ಲವೆಂದು ಅವಳೇ ತೋರಿಸಲಿ” ಎನ್ನುವಂತಿಲ್ಲ. ಸಾಕಷ್ಟು ಆಧಾರವಿಲ್ಲದೆ ನೆರೆಯವರ ತಪ್ಪನ್ನು ಮನಸ್ಸಿನಲ್ಲಿ ನಿಜವೆಂದು ಒಪ್ಪಿಕೊಳ್ಳುವುದನ್ನೂ ಧರ್ಮಸಭೆಯ 1992ರ ಧರ್ಮೋಪದೇಶ ಗ್ರಂಥ ಎಂಟನೆಯ ಆಜ್ಞೆಯ ಕೆಳಗೆ ದೋಷವೆಂದೇ ಎಣಿಸುತ್ತದೆ. ಬಾಯಿ ತೆರೆಯುವ ಮೊದಲೇ, ಗಮನಿಸಿ.

ದಾನಿಯೇಲನ ಗ್ರಂಥದ 13ನೆಯ ಅಧ್ಯಾಯವನ್ನು ಒಮ್ಮೆ ಮನೆಯಲ್ಲಿ ಗಟ್ಟಿಯಾಗಿ ಓದಿರಿ. ಸುಸನ್ನಳ ಮೇಲೆ ವ್ಯಭಿಚಾರದ ಆರೋಪ ಹೊರಿಸಿದವರು ಬೀದಿಪೋಕರಲ್ಲ. ಜನರ ಹಿರಿಯರು, ನ್ಯಾಯಾಧಿಪತಿಗಳು. ಮೋಶೆಯ ಧರ್ಮಶಾಸ್ತ್ರ ಕೇಳುವಂತೆ ಸಾಕ್ಷಿಗಳೂ ಇಬ್ಬರಿದ್ದರು. ಸಭೆ ಅವಳಿಗೆ ಮರಣದಂಡನೆ ವಿಧಿಸಿಯೇ ಬಿಟ್ಟಿತು. ದಾನಿಯೇಲ ಮಾಡಿದ್ದೇನು? ಇಬ್ಬರನ್ನೂ ಬೇರ್ಪಡಿಸಿ, ಅದು ಯಾವ ಮರದ ಕೆಳಗೆ ನಡೆಯಿತೆಂದು ಕೇಳಿದ. ಒಬ್ಬ ಒಂದು ಮರ ಹೇಳಿದ, ಇನ್ನೊಬ್ಬ ಇನ್ನೊಂದು. ಒಟ್ಟಿಗಿದ್ದಾಗ ಎರಡು ಸಾಕ್ಷ್ಯವೆಂದು ಕಂಡದ್ದು ಒಂದೇ ಸುಳ್ಳಿನ ಎರಡು ಬಾಯಿಯಾಗಿತ್ತು.

ನಮ್ಮ “ನಾಲ್ಕು ಜನ”ರನ್ನೂ ಹೀಗೆ ಬೇರ್ಪಡಿಸಿ ಕೇಳಿದರೆ ಹೇಗಿರುತ್ತದೆ? ಹೆಚ್ಚಿನ ಸಲ ನಾಲ್ವರೂ ಒಬ್ಬರಿಂದಲೇ ಕೇಳಿರುತ್ತಾರೆ. ಆ ಒಬ್ಬರು ಏನನ್ನೂ ಕಂಡಿರುವುದಿಲ್ಲ. ಈಗಂತೂ ಒಂದೇ ಸಂದೇಶ ನೂರು ಮೊಬೈಲುಗಳಲ್ಲಿ ಕಾಣಿಸಿಕೊಂಡು ನೂರು ಸಾಕ್ಷಿಗಳ ವೇಷ ಹಾಕುತ್ತದೆ. 2018ರ ಜುಲೈಯಲ್ಲಿ ಬೀದರ್ ಜಿಲ್ಲೆಗೆ ಬಂದಿದ್ದ ಗೆಳೆಯರ ಗುಂಪೊಂದು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟು ಕೊಟ್ಟಿತು. ಮಕ್ಕಳ ಕಳ್ಳರೆಂಬ ಸುದ್ದಿ ವಾಟ್ಸಾಪಿನಲ್ಲಿ ಅವರ ಕಾರಿಗಿಂತ ಮುಂದೆ ಓಡಿತು. ಮುರ್ಕಿ ಗ್ರಾಮದಲ್ಲಿ ಜನ ತಡೆದು ಹೊಡೆದರು, ಹೈದರಾಬಾದಿನ ಯುವಕನೊಬ್ಬ ಸತ್ತ. ಅಲ್ಲಿ ಮರ ಯಾವುದೆಂದು ಕೇಳುವ ದಾನಿಯೇಲನ ಮಾತಿಗೆ ಕಿವಿಗೊಡುವವರಿರಲಿಲ್ಲ.

ಆಧಾರ ಕೇಳುವುದೇ ಅವಮಾನ ಎಂದು ಕೆಲವರು ಮುನಿಯುತ್ತಾರೆ. ಸಂತ ತೋಮಾಸರು ಗಾಯದ ಗುರುತನ್ನು ನೋಡಬೇಕೆಂದಾಗ ಪ್ರಭು ಅವರನ್ನು ಹೊರಗಟ್ಟಲಿಲ್ಲ, ಕೈಗಳನ್ನೇ ಮುಂದೆ ಚಾಚಿದರು. ನಂಬಿಕೆಯ ವಿಷಯದಲ್ಲಿ ಅವರನ್ನು ತಿದ್ದಿದ್ದು ನಿಜ, ಆದರೆ ತೋರಿಸಿದ ಮೇಲೆ. ನೆರೆಮನೆಯ ಸುದ್ದಿಗೆ ಅದಕ್ಕಿಂತ ಹೆಚ್ಚಿನ ಮರ್ಯಾದೆ ಏಕೆ?

ಆಧಾರ ಪಕ್ಕಾ ಇದೆ ಎನ್ನೋಣ. ಆಗ ಊರಿಗೆಲ್ಲ ಹೇಳಬಹುದೇ? ಇಲ್ಲ. ನಿಜವಾದ ತಪ್ಪನ್ನೂ ತಕ್ಕ ಕಾರಣವಿಲ್ಲದೆ ತಿಳಿಯದವರಿಗೆ ತಿಳಿಸುವುದು ಮಾನಹರಣವೇ. ಮಗುವೊಂದು ಅಪಾಯದಲ್ಲಿದ್ದರೆ, ಒಬ್ಬ ಹೆಣ್ಣುಮಗಳು ಮೋಸಹೋಗುವಂತಿದ್ದರೆ ಸುಮ್ಮನಿರುವುದೂ ತಪ್ಪು. ಆದರೆ ಹೇಳಬೇಕಾದದ್ದು ಅದನ್ನು ತಡೆಯಬಲ್ಲವರಿಗೆ. ದೇವಾಲಯದಲ್ಲಿ ಮದುವೆಯ ಪ್ರಕಟಣೆ ಓದುವುದು ಇದಕ್ಕಾಗಿಯೇ. ಅಡ್ಡಿಯಿರುವುದು ನಿಮಗೆ ಗೊತ್ತಿದ್ದರೆ ವಿಚಾರಣೆ ಗುರುಗಳ ಬಳಿಗೆ ಬನ್ನಿ, ಕುಳಿತು ಹೇಳಿ, ಹೇಗೆ ಗೊತ್ತಾಯಿತೆಂದೂ ಹೇಳಿ. ಬಸ್ ನಿಲ್ದಾಣದಲ್ಲಿ ಹೇಳಿದರೆ ಮದುವೆ ನಿಲ್ಲಬಹುದು, ಆದರೆ ನಿಜ ಯಾವುದೆಂದು ಯಾರಿಗೂ ತಿಳಿಯುವುದಿಲ್ಲ.